ಲೆಕ್ಕಕ್ಕೆ ಸಿಗದ ಮಂದಿ: ಐದು ತಾಲ್ಲೂಕು, ನೂರೈವತ್ತು ವರ್ಷ

📌 ಭಾಗ 1/9
(ಫೋಟೊ ವಿವರಣೆ: ಮನೆ ಮುಂದಿನ ಕಟ್ಟೆ, ಪಕ್ಕದಲ್ಲಿ ಕಟ್ಟಿದ ಎತ್ತು. ಪರದೆ ಓದಿಸಿ ಕೇಳುವ ಗೆಳೆಯರಿಗಾಗಿ ಪ್ರತಿ ಭಾಗದಲ್ಲೂ ವಿವರಣೆ ಇರುತ್ತೆ.)

ನಿಮ್ಮ ಮನೆಗೆ ಹೆಳವರು ಬಂದದ್ದು ನೆನಪಿದೆಯಾ? ಎತ್ತಿನ ಜೊತೆ ಬರ್ತಾರೆ, ಕಟ್ಟೆ ಮೇಲೆ ಕೂತು ನಿಮ್ಮ ಮುತ್ತಜ್ಜನ ಅಪ್ಪನಿಂದ ಹಿಡಿದು ಎಲ್ಲರ ಹೆಸರು ಹೇಳ್ತಾರೆ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ದವಸ ಇಸ್ಕೊಂಡು ಹೋಗ್ತಾರೆ. ಸರ್ಕಾರದ ಜನಗಣತಿ ಬರೋ ಮುಂಚೆ ನಮ್ಮ ಸೀಮೆಯ ಮನೆ ಮನೆ ಲೆಕ್ಕ ಇಟ್ಟವರು ಇವರೇ.

ಈಗ ಆ ಹೆಸರನ್ನೇ ನೋಡ್ರಿ. ‘ಹೆಳವ’ ಅಂದ್ರೆ ಕಾಲಿಲ್ಲದವನು, ಕುಂಟ. ಅವರ ಮೂಲಪುರುಷ ನಡೆಯಲಾರದವನಾಗಿದ್ದ, ಅದಕ್ಕೇ ಎತ್ತಿನ ಮೇಲೆ ಊರೂರು ತಿರುಗಿದ ಅನ್ನೋದು ಕಥೆ. ಕಥೆ ಎಷ್ಟು ನಿಜವೋ ಬಿಡಿ. ಆದರೆ ನಡೆಯಲಾರದವನಿಗೂ ಊರಲ್ಲಿ ಒಂದು ಕೆಲಸ, ಒಂದು ಮರ್ಯಾದೆ ಇರಬಹುದು ಅಂತ ಆ ಕಥೆ ಕಟ್ಟಿದವರಿಗೆ ಗೊತ್ತಿತ್ತು.

ಸರ್ಕಾರದ ಲೆಕ್ಕಕ್ಕೆ ಮಾತ್ರ ಕಾಲಿಲ್ಲದವರು ಕಾಣಿಸೋಕೆ 1981ರ ತನಕ ಕಾಯಬೇಕಾಯಿತು. ಆ ಕಥೆಯನ್ನೇ ಈ ಸರಣಿಯಲ್ಲಿ ಹೇಳ್ತೀನಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ನಮ್ಮ ಐದು ತಾಲ್ಲೂಕಿನ ಕಡೆಯಿಂದ ನೋಡ್ತಾ, ಅಂಗವಿಕಲರನ್ನು ಯಾರು, ಯಾವಾಗ, ಹೇಗೆ ಎಣಿಸಿದರು, ವಯಸ್ಸು, ಓದು, ಕೆಲಸ ಮೂರೂ ಆ ಲೆಕ್ಕದಲ್ಲಿ ಹೇಗೆ ಸಿಕ್ಕಿಹಾಕಿಕೊಂಡಿವೆ. ಮುಂದಕ್ಕೆ ಓದಿ 👉

📌 ಭಾಗ 2/9
(ಫೋಟೊ ವಿವರಣೆ: ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ, ಬಿರುಕು ಬಿಟ್ಟ ಎರೆಮಣ್ಣು.)

ಆಗ ನಮ್ಮ ಸೀಮೆ ಮೈಸೂರಿನದ್ದಲ್ಲ. ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಅದರ ಪಡುವಣದ ತಾಲ್ಲೂಕುಗಳು.

1876ರಲ್ಲಿ ಮಳೆ ಕೈಕೊಟ್ಟಿತು. ಹಿರಿಯರು ಧಾತು–ಈಶ್ವರ ಬರ ಅಂತ ಹೇಳ್ತಿದ್ದರಲ್ಲ, ಅದೇ. 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಈ ಬರದಲ್ಲಿ ಅತಿ ಹೆಚ್ಚು ಹೊಡೆತ ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು.

ಆಗ ಸರ್ಕಾರ ಮಾಡಿದ ಮೊದಲ ಕೆಲಸ ಅಂದ್ರೆ ಜನರನ್ನು ಎರಡು ಪಾಲು ಮಾಡಿದ್ದು: ದುಡಿಯಬಲ್ಲವರು, ದುಡಿಯಲಾರದವರು. ದುಡಿಯಬಲ್ಲವರು ರಸ್ತೆ, ಕೆರೆ ಕೆಲಸಕ್ಕೆ ಹೋಗಬೇಕು. ಮುದುಕರು, ಕುರುಡರು, ಕೈಕಾಲಿಲ್ಲದವರು, ರೋಗಿಷ್ಟರಿಗೆ ಮಾತ್ರ ಪುಕ್ಕಟೆ ಗಂಜಿ. ‘ಅಂಗವಿಕಲ’ ಅನ್ನೋದು ನಮ್ಮಲ್ಲಿ ಆಡಳಿತದ ಪದವಾಗಿ ಬೇರು ಬಿಟ್ಟಿದ್ದು ಹೀಗೆ. ಈ ಮನುಷ್ಯನಿಂದ ಕೆಲಸ ತೆಗೀಬಹುದಾ ಇಲ್ಲವಾ ಅನ್ನೋ ಒಂದೇ ಪ್ರಶ್ನೆಯಿಂದ.

1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಬಂದು ಕೂಲಿ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕ, ಅಂದ್ರೆ ಅರ್ಧ ಕೆಜಿಗೂ ಕಮ್ಮಿ, ಮೇಲೆ ಒಂದಿಷ್ಟು ಕಾಸು. ಇದನ್ನು ಎದುರಿಸಿದವರು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್. ಇಷ್ಟು ತಿಂದು ಕಲ್ಲು ಹೊತ್ತರೆ ದುಡಿಯಬಲ್ಲವನೂ ದುಡಿಯಲಾರದವನಾಗ್ತಾನೆ ಅನ್ನೋದು ಅವರ ವಾದದ ತಿರುಳು. ಕೆಲವು ತಿಂಗಳಲ್ಲಿ ಮದ್ರಾಸ್ ಸರ್ಕಾರ ಕೂಲಿ ಏರಿಸಬೇಕಾಯಿತು. 1871ರ ಮದ್ರಾಸ್ ಜನಗಣತಿಯ ವರದಿ ಬರೆದವರೂ ಇದೇ ಕಾರ್ನಿಷ್. ಜನರನ್ನು ಎಣಿಸಿದ ಮನುಷ್ಯನಿಗೇ ಅವರು ಕರಗಿಹೋಗೋದು ಮೊದಲು ಕಂಡಿತು.

📌 ಭಾಗ 3/9
(ಫೋಟೊ ವಿವರಣೆ: ಹಳೆಯ ದಫ್ತರದ ಹಾಳೆ, ಕೈಬರಹದ ನಾಲ್ಕು ಕಾಲಂ. ಇದು ನಾನೇ ಬರೆದ ಮಾದರಿ, ಅಸಲಿ ಅಲ್ಲ.)

ಬರ ಮುಗಿದು ಮೂರೇ ವರ್ಷಕ್ಕೆ, 1881ರಲ್ಲಿ, ಇಡೀ ದೇಶಕ್ಕೆ ಒಂದೇ ಹೊತ್ತಿನ ಮೊದಲ ಜನಗಣತಿ. ಅದರಲ್ಲಿ ‘ವೈಕಲ್ಯ’ದ ಪ್ರಶ್ನೆ ಇತ್ತು. ನಾಲ್ಕೇ ಬಗೆ: ಎರಡೂ ಕಣ್ಣು ಕಾಣದವರು, ಹುಟ್ಟಿನಿಂದ ಕಿವುಡು–ಮೂಕರಾದವರು, ಬುದ್ಧಿ ಕೆಟ್ಟವರು, ಕುಷ್ಠ ಇದ್ದವರು. 1931ರವರೆಗೂ ಇದೇ ನಾಲ್ಕು.

ಕಾಲಿಲ್ಲದವರು? ಲೆಕ್ಕದಲ್ಲಿಲ್ಲ. ಬೆನ್ನು ಬಾಗಿದವರು? ಇಲ್ಲ. ಒಂದು ಕಣ್ಣು ಹೋದವರು? ಇಲ್ಲ. ವಯಸ್ಸಾಗಿ ಕಿವಿ ಕೇಳದಾದವರು? ನಿಯಮದ ಪ್ರಕಾರ ಅವರೂ ಇಲ್ಲ. ಆದರೂ ಎಷ್ಟೋ ಕಡೆ ಗಣತಿದಾರ ಮುದುಕರನ್ನೂ ಕಿವುಡು–ಮೂಕರ ಸಾಲಿಗೆ ಹಾಕಿಬಿಡ್ತಿದ್ದ.

ಇನ್ನು ಜನ ಕೊಟ್ಟ ಉತ್ತರ. ಮಗು ಮಾತಾಡ್ತಿಲ್ಲ ಅಂತ ನಾಲ್ಕೈದು ವರ್ಷದವರೆಗೆ ತಾಯ್ತಂದೆ ಒಪ್ಪಲ್ಲ, ‘ಇನ್ನೂ ಬರುತ್ತೆ ಬಿಡ್ರಿ’ ಅಂತಾರೆ. ಹೆಣ್ಣುಮಕ್ಕಳ ಕುಷ್ಠ ಹೇಳಿದರೆ ಮದುವೆ ಆಗಲ್ಲ. ಹಾಗಾಗಿ ಚಿಕ್ಕ ಮಕ್ಕಳು, ಹೆಂಗಸರು ಲೆಕ್ಕದಿಂದ ಜಾರಿದರು. ಕಣ್ಣಿನ ಲೆಕ್ಕ ಮಾತ್ರ ವಯಸ್ಸಾದಂತೆ ಏರ್ತಾ ಹೋಗುತ್ತೆ, ಯಾಕಂದ್ರೆ ಮೋತಿಬಿಂದು. ವಯಸ್ಸಿಗೂ ವೈಕಲ್ಯಕ್ಕೂ ಇರೋ ನಂಟು ಆ ಹಳೇ ಪಟ್ಟಿಗಳಲ್ಲೇ ಕಾಣುತ್ತೆ.

ಎಳೆಯರ ಕಣ್ಣು ಹೋಗ್ತಿದ್ದದ್ದು ಬೇರೆ ಕಾರಣಕ್ಕೆ. ಒಂದು ಸಿಡುಬು, ನಮ್ಮ ಮಾತಲ್ಲಿ ಅಮ್ಮ. ಇನ್ನೊಂದು ಹಸಿವು: ಸೊಪ್ಪು, ಹಾಲು ಇಲ್ಲದೆ ಎ ಜೀವಸತ್ವ ಕಮ್ಮಿಯಾದರೆ ಮೊದಲು ಇರುಳುಗುರುಡು, ಆಮೇಲೆ ಕಣ್ಣುಗುಡ್ಡೆಯೇ ಕರಗುತ್ತೆ. ಹಾಗೆ ಕಣ್ಣು ಹೋದ ಕೂಸುಗಳಲ್ಲಿ ಬಹಳಷ್ಟು ಉಳಿಯೋದೇ ಇಲ್ಲ. ಅಂದ್ರೆ 1881ರ ಪಟ್ಟಿಯಲ್ಲಿರೋ ಕುರುಡರು ಬರ ಕಣ್ಣು ಕಿತ್ತವರೆಲ್ಲರೂ ಅಲ್ಲ, ಅವರಲ್ಲಿ ಬದುಕುಳಿದವರು. ಸಿಡುಬಿನಿಂದ ದೇಶಕ್ಕೆ ಮುಕ್ತಿ ಸಿಕ್ಕಿದ್ದು 1975ರಲ್ಲಿ.

📌 ಭಾಗ 4/9
(ಫೋಟೊ ವಿವರಣೆ: ಹಾರ್ಮೋನಿಯಂ ಮೇಲೆ ಎರಡು ಕೈ, ಹತ್ತಿರದಿಂದ ತೆಗೆದದ್ದು.)

ಓದಿನ ಮಾತಿಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಕಿವುಡರಿಗೆ, ಕುರುಡರಿಗೆ ಶಾಲೆ ಶುರುವಾಯಿತು. ಆದರೆ ನಾವು ಮೈಸೂರಿನವರಲ್ಲವಲ್ಲ. ಹಡಗಲಿಯ ಕಣ್ಣಿಲ್ಲದ ಹುಡುಗನಿಗೆ ಮದ್ರಾಸೂ ದೂರ, ಮೈಸೂರೂ ದೂರ.

ಹತ್ತಿರ ಇದ್ದದ್ದು ಹೊಳೆಯಾಚೆ ಗದಗ. ಹಾನಗಲ್ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣಿಲ್ಲದವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಹಸುಗೂಸಾಗಿದ್ದಾಗಲೇ ದೃಷ್ಟಿ ಕಳಕೊಂಡವರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಅನ್ನ ಕೊಟ್ಟಿತು, ಸಂಗೀತ ಕೊಟ್ಟಿತು. ಮುಖ್ಯ ಅಂದ್ರೆ ಒಂದು ಕಸುಬು ಕೊಟ್ಟಿತು: ಕೀರ್ತನೆ, ನಾಟಕ, ಸಂಗೀತ ಪಾಠ. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು.

ಯಾಕೆ ಹೇಳಿದೆ ಅಂದ್ರೆ, ಓದು ಮತ್ತು ಕೆಲಸ ಬೇರೆ ಬೇರೆ ಖಾತೆ ಅಲ್ಲ ಅಂತ ಆ ಆಶ್ರಮಕ್ಕೆ ಗೊತ್ತಿತ್ತು. ಸರ್ಕಾರಕ್ಕೆ ಗೊತ್ತಾಗೋಕೆ ತಡವಾಯಿತು. ಮಾಮೂಲಿ ಶಾಲೆಯಲ್ಲೇ ಅಂಗವಿಕಲ ಮಕ್ಕಳಿಗೆ ಓದು ಅನ್ನೋ ಕೇಂದ್ರದ ಯೋಜನೆ ಬಂದದ್ದು 1974ರಲ್ಲಿ. ಕೇಂದ್ರದ ಕೆಳದರ್ಜೆ ಹುದ್ದೆಗಳಲ್ಲಿ ಶೇ 3 ಮೀಸಲಾತಿ 1977ರಲ್ಲಿ. ಅಷ್ಟೊತ್ತಿಗೆ ನಮ್ಮ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿ (1 ಅಕ್ಟೋಬರ್ 1953) ಇಪ್ಪತ್ತು ವರ್ಷ ದಾಟಿತ್ತು.

📌 ಭಾಗ 5/9
(ಫೋಟೊ ವಿವರಣೆ: ಖಾಲಿ ಸಾಲು. ಬರೀ ಬಿಳಿ ಚೌಕ.)

ಈ ಫೋಟೊ ಯಾಕೆ ಖಾಲಿ? 1941ರಿಂದ 1971ರವರೆಗಿನ ಜನಗಣತಿಗಳಲ್ಲಿ ಅಂಗವಿಕಲರ ಕಾಲಂ ಹೀಗೇ ಇತ್ತು. ಲೆಕ್ಕ ಸರಿಯಾಗಿ ಬರ್ತಿಲ್ಲ ಅನ್ನೋದು ಹಳೇ ದೂರು. 1941ರಲ್ಲಿ ಪ್ರಶ್ನೆಯನ್ನೇ ಬಿಟ್ಟರು. ಸ್ವಾತಂತ್ರ್ಯ ಬಂತು, ಮೂರು ಗಣತಿ ಹೋದವು, ಪ್ರಶ್ನೆ ವಾಪಸ್ ಬರಲಿಲ್ಲ.

1981ರಲ್ಲಿ, ವಿಶ್ವಸಂಸ್ಥೆಯ ಅಂಗವಿಕಲರ ವರ್ಷದಲ್ಲಿ, ಮೂರು ಬಗೆ ಕೇಳಿದರು: ಪೂರ್ತಿ ಕುರುಡು, ಪೂರ್ತಿ ಮೂಕ, ಪೂರ್ತಿ ಅಂಗಹೀನ. ನಡೆಯಲಾರದವರು ಮೊದಲ ಸಲ ಪಟ್ಟಿಗೆ ಬಂದದ್ದು ಆಗ. 1991ರಲ್ಲಿ ಮತ್ತೆ ಬಿಟ್ಟರು. 1995ರ ಕಾನೂನು ಬಂದ ಮೇಲೆ, ಅಂಗವಿಕಲರ ಸಂಘಟನೆಗಳು ಹೋರಾಡಿದ ಮೇಲೆ, 2001ರಲ್ಲಿ ಪ್ರಶ್ನೆ ಮರಳಿತು, ಐದು ಬಗೆಯಲ್ಲಿ. 2011ರಲ್ಲಿ ಎಂಟು ಬಗೆ.

ಈಗ ಸಂಖ್ಯೆ. 2001: ದೇಶದಲ್ಲಿ 2.19 ಕೋಟಿ, ಶೇ 2.13. 2011: 2.68 ಕೋಟಿ, ಶೇ 2.21. ಕರ್ನಾಟಕದಲ್ಲಿ 9.4 ಲಕ್ಷದಿಂದ 13.24 ಲಕ್ಷ, ಶೇ 1.78ರಿಂದ ಶೇ 2.17.

ಹತ್ತು ವರ್ಷದಲ್ಲಿ ರಾಜ್ಯದಲ್ಲಿ ಅಂಗವಿಕಲತೆ ಅಷ್ಟು ಜಾಸ್ತಿ ಆಯ್ತಾ? ಹಾಗಲ್ಲ, ಕೇಳೋ ರೀತಿ ಬದಲಾಯ್ತು. 2001ರಲ್ಲಿ ಒಂದು ಕಣ್ಣು ಹೋದವರನ್ನೂ ದೃಷ್ಟಿದೋಷದವರಲ್ಲಿ ಸೇರಿಸಿದ್ದರು; ದೇಶದ ಅಂಗವಿಕಲರಲ್ಲಿ ಹತ್ತಿರ ಹತ್ತಿರ ಅರ್ಧ ಅವರೇ. 2011ರಲ್ಲಿ ಒಂಟಿಕಣ್ಣಿನವರನ್ನು ಬಿಟ್ಟರು. ದೃಷ್ಟಿಯ ಪಾಲು ಶೇ 19ಕ್ಕೆ ಇಳೀತು. ಯಾರ ಕಣ್ಣೂ ವಾಪಸ್ ಬಂದಿರಲಿಲ್ಲ.

ಹೊರಗಿನದ್ದೂ ನೋಡ್ರಿ. ಬ್ರೆಜಿಲ್ 2010ರ ಗಣತಿಯಲ್ಲಿ ಶೇ 23.9 ಅಂತ ಹೇಳಿತು. ಆಮೇಲೆ ‘ಬಹಳ ಕಷ್ಟ ಇರೋರು ಮಾತ್ರ’ ಅಂತ ಗೆರೆ ಎಳೆದು ಅದೇ ಅಂಕಿಗಳನ್ನು ಓದಿದಾಗ ಶೇ 6.7 ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಶೇ 16. ಹಾಗಾಗಿ ‘ನಮ್ಮಲ್ಲಿ ಬರೀ 2 ಪರ್ಸೆಂಟ್’ ಅಂತ ಯಾರಾದರೂ ಅಂದ್ರೆ, ‘ಹೇಗೆ ಕೇಳಿದ್ರಿ?’ ಅಂತ ವಾಪಸ್ ಕೇಳಿ.

📌 ಭಾಗ 6/9
(ಫೋಟೊ ವಿವರಣೆ: ಸರ್ಕಾರಿ ಶಾಲೆಯ ಮೆಟ್ಟಿಲು, ಪಕ್ಕದಲ್ಲಿ ಸಿಮೆಂಟಿನ ಇಳಿಜಾರು.)

ಸರಣಿಯ ಮುಖ್ಯ ಭಾಗ ಇದು, ನಿಧಾನ ಓದಿ.

2011ರ ಲೆಕ್ಕ: ದೇಶದ ಅಂಗವಿಕಲರಲ್ಲಿ ಓದು ಬರಹ ಬಲ್ಲವರು ಶೇ 55. ಗಂಡಸರು 62, ಹೆಂಗಸರು 45. ಹಳ್ಳಿಯಲ್ಲಿ 49, ಪಟ್ಟಣದಲ್ಲಿ 67. ಕೆಲಸ ಮಾಡೋರು ಶೇ 36.

ಇದನ್ನು ನೋಡಿ ತಕ್ಷಣ ‘ಅಂಗವೈಕಲ್ಯ ಇದ್ದಿದ್ದಕ್ಕೆ ಓದಿಲ್ಲ, ಓದಿಲ್ಲದ್ದಕ್ಕೆ ಕೆಲಸ ಇಲ್ಲ’ ಅಂತೀವಿ. ಅರ್ಧ ಸರಿ. ಉಳಿದರ್ಧ ವಯಸ್ಸು.

ಅಂಗವಿಕಲರಲ್ಲಿ ಶೇ 21 ಮಂದಿ 60 ದಾಟಿದವರು. ಇವರಲ್ಲಿ ಬಹಳಷ್ಟು ಜನರಿಗೆ ಕಣ್ಣು ಮಂಜಾದದ್ದು, ಮೊಣಕಾಲು ಹೋದದ್ದು ಮುಪ್ಪಿನಲ್ಲಿ. ಇಂಥವರು ಶಾಲೆಗೆ ಹೋಗದೆ ಇದ್ದದ್ದು ಅಂಗವೈಕಲ್ಯದಿಂದಲ್ಲ. ಅವರು ಚಿಕ್ಕವರಿದ್ದಾಗ ಊರಲ್ಲಿ ಶಾಲೆಯೇ ಇರಲಿಲ್ಲ, ಇದ್ದರೂ ಕುರಿ ಕಾಯೋಕೆ ಕಳಿಸಿದರು. ಈ ಅಜ್ಜ ಅಜ್ಜಿಯರನ್ನೂ, ಹುಟ್ಟು ಕಿವುಡ ಹುಡುಗಿಯನ್ನೂ ಒಂದೇ ಬುಟ್ಟಿಗೆ ಹಾಕಿ ಸರಾಸರಿ ತೆಗೆದರೆ ಇಬ್ಬರ ಕಷ್ಟವೂ ಕಾಣಲ್ಲ.

ಸರಿಯಾದ ಲೆಕ್ಕ ಬೇಕು ಅಂದ್ರೆ ಮಕ್ಕಳನ್ನಷ್ಟೇ ನೋಡಬೇಕು. 5ರಿಂದ 19 ವರ್ಷದ ಅಂಗವಿಕಲ ಮಕ್ಕಳಲ್ಲಿ ಶೇ 61 ಶಾಲೆ ಕಾಲೇಜಲ್ಲಿದ್ದರು. ಶೇ 12 ಹೋಗಿ ಬಿಟ್ಟವರು. ಶೇ 27 ಶಾಲೆಯ ಬಾಗಿಲನ್ನೇ ನೋಡದವರು. ಒಂದಕ್ಕಿಂತ ಹೆಚ್ಚು ವೈಕಲ್ಯ ಇರೋ ಮಕ್ಕಳಲ್ಲಂತೂ ಶೇ 54 ಒಂದು ದಿನವೂ ಹೋಗಿಲ್ಲ. ಇದಕ್ಕೆ ಮುಪ್ಪಿನ ನೆಪ ಹೇಳೋಕಾಗಲ್ಲ. ಇದು ನಮ್ಮ ಕಾಲದ್ದು, ನಮ್ಮದೇ ಸಾಲ.

ಆ ಸಾಲ ಮುಂದೆ ಎಲ್ಲಿಗೆ ಹೋಗುತ್ತೆ? 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ 15 ದಾಟಿದ ಅಂಗವಿಕಲರಲ್ಲಿ ಎಸ್ಸೆಸ್ಸೆಲ್ಸಿ ಅಥವಾ ಅದಕ್ಕಿಂತ ಹೆಚ್ಚು ಓದಿದವರು ಶೇ 19.3. ಕೆಲಸದಲ್ಲಿರೋರು ಶೇ 22.8. ಮೀಸಲಾತಿ ಶೇ 3 ಇದ್ದದ್ದು 2016ರ ಕಾಯ್ದೆಯಲ್ಲಿ ಶೇ 4 ಆಯಿತು, ಒಳ್ಳೇದೇ. ಆದರೆ ಮೀಸಲು ಹುದ್ದೆಗೆ ಅರ್ಜಿ ಹಾಕೋಕೆ ಮೊದಲು ಮಾರ್ಕ್ಸ್ ಕಾರ್ಡ್ ಬೇಕಲ್ಲ.

📌 ಭಾಗ 7/9
(ಫೋಟೊ ವಿವರಣೆ: ಬೆಳಗಿನ ಜಾವ ಬಸ್‌ಸ್ಟ್ಯಾಂಡಿನಲ್ಲಿ ಗಂಟುಮೂಟೆ, ಮಲಗಿದ ಮಕ್ಕಳು.)

ಈಗ ನಮ್ಮ ನೆಲಕ್ಕೆ ಬನ್ನಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಕೂಡ್ಲಿಗಿ, ಹರಪನಹಳ್ಳಿ ಎರಡನ್ನೂ ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಗೆ ಹಾಕಿತು. ಮಳೆ ನಂಬಿದ ಹೊಲ. ಜೋಳ, ಶೇಂಗಾ, ಮೆಕ್ಕೆಜೋಳ ಮುಗೀತು ಅಂದ್ರೆ ಗುಳೆ: ಬೆಂಗಳೂರಿಗೆ, ಮಲೆನಾಡಿನ ಕಾಫಿ ಸೀಮೆಗೆ.

ಗುಳೆಗೂ ಈ ಲೆಕ್ಕಕ್ಕೂ ಏನು ಸಂಬಂಧ? 2011ರ ಗಣತಿ ನಡೆದದ್ದು ಫೆಬ್ರುವರಿ 9ರಿಂದ 28. ಆ ದಿನಗಳಲ್ಲಿ ಪೂರ್ತಿ ಊರಲ್ಲಿಲ್ಲದವರು ತಾವು ಇದ್ದ ಕಡೆ ಎಣಿಕೆಯಾಗ್ತಾರೆ. ಊರಲ್ಲಿ ಉಳಿಯೋರು ಯಾರು? ಮುದುಕರು, ನಡೆಯಲಾರದವರು, ಅವರನ್ನು ನೋಡಿಕೊಳ್ಳೋ ಒಬ್ಬ ಮಗಳು. ಗಟ್ಟಿಮುಟ್ಟಾದವರು ಹೊರಗೆ ಹೋದಾಗ ಉಳಿದವರಲ್ಲಿ ಅಂಗವಿಕಲರ ಪಾಲು ಹೆಚ್ಚು ಕಾಣುತ್ತೆ. ಆ ಮಗಳು ಶಾಲೆ ಬಿಟ್ಟಿದ್ದು ಮಾತ್ರ ಅಂಗವೈಕಲ್ಯದ ಯಾವ ಪಟ್ಟಿಯಲ್ಲೂ ಬರಲ್ಲ.

ಇನ್ನೊಂದು, ಕೆಲಸವೇ ಅಂಗವಿಕಲರನ್ನು ಮಾಡುತ್ತೆ. ಒಕ್ಕಣೆ ಯಂತ್ರಕ್ಕೆ ಸಿಕ್ಕ ಕೈ, ಕಟ್ಟಡದ ಸಾರುವೆಯಿಂದ ಬಿದ್ದ ಬೆನ್ನು. ಇಂಥವರು ಮೊದಲು ಕೆಲಸದಲ್ಲಿದ್ದವರು, ಆಮೇಲೆ ಅಂಗವಿಕಲರಾದವರು. ಅಂಗವಿಕಲ ದುಡಿಮೆಗಾರರಲ್ಲಿ ಶೇ 31 ಕೃಷಿಕೂಲಿ, ಶೇ 23 ಸ್ವಂತ ಬೇಸಾಯ. ಮನೆಯಲ್ಲಿ ಸುಮ್ನೆ ಕೂತ ಮಂದಿ ಅಲ್ಲ ಇವರು. ಪಿಂಚಣಿ ಸಾಲದೆ ಹೊಲಕ್ಕೆ ಹೋಗ್ತಿರೋರು.

ಕೊನೆಗೆ ನೀರು. ಕೂಡ್ಲಿಗಿ ಕಡೆಯ ಹಲವು ಹಳ್ಳಿಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನೋದು ಮಿತಿ. ಮೀರಿದ ನೀರು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದು, ಇನ್ನೂ ಹೆಚ್ಚಾದರೆ ಕೀಲು ಬಿಗಿ, ಬೆನ್ನು ಬಾಗು. ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ನಮ್ಮದೇ ಹಳೇ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ. ಆದರೆ ಅಂಥವರು ಎಷ್ಟೋ ಜನ ತಮ್ಮನ್ನು ಅಂಗವಿಕಲರು ಅಂದುಕೊಳ್ಳಲ್ಲ. ‘ವಯಸ್ಸಾಯ್ತು ಬಿಡಪ್ಪ’ ಅಂತಾರೆ. 45 ವರ್ಷಕ್ಕೆ!

📌 ಭಾಗ 8/9
(ಫೋಟೊ ವಿವರಣೆ: ಐದು ತಾಲ್ಲೂಕುಗಳ ಕೈಯಿಂದ ಬರೆದ ನಕ್ಷೆ.)

ಗಡಿ ಬದಲಾದರೆ ಲೆಕ್ಕವೂ ಬದಲಾಗುತ್ತೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿ ಬಳ್ಳಾರಿಯಿಂದ ಅಲ್ಲಿಗೆ ಹೋಯಿತು. 2001, 2011 ಎರಡೂ ಗಣತಿಯಲ್ಲಿ ಅದು ದಾವಣಗೆರೆಯ ಸರಾಸರಿಯೊಳಗೆ ಸೇರಿಹೋಯಿತು. 2011ರಲ್ಲಿ ದಾವಣಗೆರೆಯ ಸಾಕ್ಷರತೆ ಶೇ 75ರ ಮೇಲೆ, ಬಳ್ಳಾರಿಯದ್ದು ಶೇ 67. ಹಿಂದುಳಿದ ತಾಲ್ಲೂಕು ಮುಂದುವರಿದ ಜಿಲ್ಲೆಯ ಸೆರಗಿನ ಮರೆಗೆ ಹೋಯಿತು. ಬಳ್ಳಾರಿ ಸೇರಿ ಕಲ್ಯಾಣ ಕರ್ನಾಟಕಕ್ಕೆ 371 ಜೆ ಬಂದಾಗ ಹರಪನಹಳ್ಳಿ ಹೊರಗುಳಿಯಿತು. ಜನ ಹೋರಾಡಿ 2018ರಲ್ಲಿ ಬಳ್ಳಾರಿಗೆ ವಾಪಸ್ ಸೇರಿದ ಮೇಲೆ ಆ ಸವಲತ್ತು ಸಿಕ್ಕಿತು. ಅದೇ ವರ್ಷ ಕೂಡ್ಲಿಗಿಯಿಂದ ಬೇರೆಯಾಗಿ ಕೊಟ್ಟೂರು ಹೊಸ ತಾಲ್ಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು, ಐದೂ ಅದರೊಳಗೆ ಬಂದವು.

ಹಾಗಾಗಿ 2027ರ ಜನಗಣತಿ ನಮಗೆ ಬರೀ ಮತ್ತೊಂದು ಗಣತಿ ಅಲ್ಲ. ಈ ಐದೂ ತಾಲ್ಲೂಕು ವಿಜಯನಗರ ಅನ್ನೋ ಒಂದೇ ಜಿಲ್ಲೆಯ ಹೆಸರಲ್ಲಿ ಎಣಿಕೆಯಾಗೋದು, ಕೊಟ್ಟೂರು ತಾಲ್ಲೂಕಾಗಿ ಎಣಿಕೆಯಾಗೋದು ಇದೇ ಮೊದಲು. ಅಲ್ಲಿ ಬಿದ್ದ ಸಂಖ್ಯೆಯ ಮೇಲೆ ಮುಂದಿನ ಹತ್ತು ವರ್ಷದ ಶಿಕ್ಷಕರು, ಶಿಬಿರ, ತ್ರಿಚಕ್ರ ವಾಹನ, ಬಸ್ ಪಾಸ್ ಎಲ್ಲ ನಿಲ್ಲುತ್ತೆ.

📌 ಭಾಗ 9/9
(ಫೋಟೊ ವಿವರಣೆ: ಖಾಲಿ ಕುರ್ಚಿ, ಮೇಲೆ ಮಡಿಸಿಟ್ಟ ಟವೆಲ್, ಗೋಡೆಗೆ ಒರಗಿಸಿದ ಕೋಲು.)

ಒಂದು ತಪ್ಪೊಪ್ಪಿಗೆ ಹೇಳಿ ಮುಗಿಸ್ತೀನಿ.

2011ರಲ್ಲಿ ಗಣತಿಯ ಮೇಷ್ಟ್ರು ನಮ್ಮ ಮನೆಗೂ ಬಂದಿದ್ದರು. ಒಂಬತ್ತನೇ ಪ್ರಶ್ನೆ ಅಂಗವೈಕಲ್ಯದ್ದು. ಮೇಷ್ಟ್ರು ಕೇಳಿದರು, ‘ಮನೆಯಲ್ಲಿ ಅಂಗವಿಕಲರು ಯಾರೂ ಇಲ್ಲ ತಾನೇ?’ ಕೇಳಿದ ರೀತಿಯಲ್ಲೇ ಉತ್ತರ ಇತ್ತು. ನಾನೇ ‘ಇಲ್ಲ ಸರ್’ ಅಂದೆ. ಒಳಗೆ ಅಜ್ಜಿ ಕೂತಿದ್ದಳು. ಆರು ವರ್ಷದಿಂದ ಅವಳಿಗೆ ಕಿವಿ ಕೇಳ್ತಿರಲಿಲ್ಲ. ಗೋಡೆ ಹಿಡಿದೇ ಬಚ್ಚಲಿಗೆ ಹೋಗ್ತಿದ್ದಳು. ನನಗೆ ಅದು ಸುಳ್ಳು ಅಂತ ಅನ್ನಿಸಲೇ ಇಲ್ಲ. ಅಜ್ಜಿ ಅಂದ್ರೆ ಅಜ್ಜಿ, ಅಂಗವಿಕಲೆ ಹೇಗಾಗ್ತಾಳೆ?

2.68 ಕೋಟಿಯಲ್ಲಿ ಅವಳು ಇಲ್ಲ. ಇಂಥ ‘ಇಲ್ಲ ಸರ್’ ಎಷ್ಟು ಮನೆಯಿಂದ ಹೋಗಿರಬಹುದು, ನೀವೇ ಯೋಚನೆ ಮಾಡಿ.

ಆದ್ದರಿಂದ ಮುಂದಿನ ಸಲ ಮೇಷ್ಟ್ರು ಅಥವಾ ಅಂಗನವಾಡಿ ಅಕ್ಕ ಬಾಗಿಲಿಗೆ ಬಂದಾಗ, ಅವರು ಕೇಳೋ ಮುಂಚೆ ನಿಮ್ಮನ್ನೇ ನೀವು ಕೇಳಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ,
▪️ ಕನ್ನಡಕ ಹಾಕಿದರೂ ಕಾಣೋದು ಕಷ್ಟವಾ?
▪️ ಕೇಳಿಸೋದು ಕಷ್ಟವಾ?
▪️ ನಡೆಯೋದು, ಮೆಟ್ಟಿಲು ಹತ್ತೋದು ಕಷ್ಟವಾ?
▪️ ನೆನಪಿಟ್ಟುಕೊಳ್ಳೋದು, ಮನಸ್ಸು ನಿಲ್ಲಿಸೋದು ಕಷ್ಟವಾ?
▪️ ಸ್ನಾನ ಮಾಡೋದು, ಬಟ್ಟೆ ಹಾಕಿಕೊಳ್ಳೋದು ಕಷ್ಟವಾ?
▪️ ಹೇಳಿದ್ದು ಬೇರೆಯವರಿಗೆ ತಿಳಿಯೋ ಹಾಗೆ ಮಾಡೋದು ಕಷ್ಟವಾ?

ಬಹಳ ದೇಶಗಳು ಈಗ ಗಣತಿಯಲ್ಲಿ ಕೇಳೋದು ಈ ಆರು ಸಂಗತಿಗಳನ್ನೇ. ‘ಅಂಗವಿಕಲರಿದ್ದಾರಾ’ ಅಂತ ಕೇಳಲ್ಲ, ‘ಏನು ಕಷ್ಟ’ ಅಂತ ಕೇಳ್ತಾರೆ. ಉತ್ತರ ಹೌದು ಅಂತ ಬಂದರೆ ನಾಚಿಕೆ ಬೇಡ, ಗಣತಿದಾರರಿಗೆ ಹೇಳಿ. ನಿಮ್ಮ ಗ್ರಾಮ ಪಂಚಾಯ್ತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಸಾಮಾನ್ಯವಾಗಿ ಅವರೂ ಅಂಗವಿಕಲರೇ. ಅವರ ಹತ್ತಿರ ಯುಡಿಐಡಿ ಕಾರ್ಡ್ ಬಗ್ಗೆ ಕೇಳಿ. 2016ರ ಕಾಯ್ದೆಯಲ್ಲಿ 21 ಬಗೆ ಇವೆ. ನಿಮ್ಮ ಮನೆಯವರದ್ದೂ ಅದರಲ್ಲಿ ಇರಬಹುದು. ಸವಲತ್ತಿಗೆ ಶೇ 40ರ ಪ್ರಮಾಣಪತ್ರ ಬೇಕಾಗುತ್ತೆ, ಆದರೆ ಗಣತಿಯಲ್ಲಿ ಹೇಳೋಕೆ ಯಾವ ಪತ್ರವೂ ಬೇಡ.

ಹೆಳವರು ನಮ್ಮ ಮನೆತನದ ಲೆಕ್ಕ ಹೇಳುವಾಗ ಯಾರನ್ನೂ ಬಿಡ್ತಿರಲಿಲ್ಲ. ನಮ್ಮ ಅಜ್ಜಿಯ ಹೆಸರೂ ಅವರ ಬಾಯಲ್ಲಿತ್ತು. ಆ ಲೆಕ್ಕದಿಂದ ಅವಳನ್ನು ಬಿಟ್ಟವನು ನಾನು. ನೀವು ಬಿಡಬೇಡಿ.

ನಿಮ್ಮ ಮನೆಯಲ್ಲಿ 2011ರಲ್ಲಿ ಏನು ಹೇಳಿದ್ರಿ? ನೆನಪಿದ್ದರೆ ಕೆಳಗೆ ಬರೀರಿ. ಕೂಡ್ಲಿಗಿಯಿಂದ ಹಡಗಲಿವರೆಗೆ ಯಾರಿಗೆ ಉಪಯೋಗ ಆಗುತ್ತೋ ಅವರಿಗೆ ಕಳಿಸಿ 🙏

#ನಮ್ಮೂರಲೆಕ್ಕ #ಕೂಡ್ಲಿಗಿ #ಕೊಟ್ಟೂರು #ಹಗರಿಬೊಮ್ಮನಹಳ್ಳಿ #ಹಡಗಲಿ #ಹರಪನಹಳ್ಳಿ #ವಿಜಯನಗರಜಿಲ್ಲೆ #ಜನಗಣತಿ